ಕೇಳಿ ಬಂದವರ ಸಿಟ್ಟು-ಸಂಕಟವೂ ದಾಖಲಾಗಲಿ

ಫೀಲ್ಡಿಗೆ ಹೊರಡುವ ಮುನ್ನ ನಮ್ಮ ಹುಡುಗ-ಹುಡುಗಿಯರಿಗೆ ತರಬೇತಿ ಇರುತ್ತದೆ. ಪ್ರಶ್ನೆ ಹೇಗೆ ಕೇಳಬೇಕು, ರೆಕಾರ್ಡರ್ ಎಲ್ಲಿಡಬೇಕು, ಒಪ್ಪಿಗೆ ಪತ್ರವನ್ನು ಹೇಗೆ ಓದಿ ಹೇಳಬೇಕು ಎಲ್ಲವೂ ಅದರಲ್ಲಿ ಬರುತ್ತದೆ. ಜೊತೆಗೆ ಒಂದು ಮಾತು ತಪ್ಪದೆ ಬರುತ್ತದೆ: ಅವರು ಅತ್ತರೆ ನೀವು ಅಳಬೇಡಿ, ಅವರು ಏನೇ ಹೇಳಿದರೂ ಮುಖ ಗಂಟಿಕ್ಕಬೇಡಿ, ನಿಮ್ಮ ಮನಸ್ಸಿನದೇನಿದ್ದರೂ ಮನೆಯಲ್ಲೇ ಬಿಟ್ಟು ಬನ್ನಿ. ಸಾಮಾಜಿಕ ಮತ್ತು ಆರೋಗ್ಯ ಅಧ್ಯಯನಗಳಿಗಾಗಿ ವರ್ಷಗಟ್ಟಲೆ ಸಂದರ್ಶನ ಮಾಡಿ, ಈಗ ಮಾಡುವವರಿಗೆ ಕಲಿಸುವ ಕೆಲಸದಲ್ಲಿರುವ ನಾನು ಈ ಪಾಠದ ಮೊದಲ ಅರ್ಧವನ್ನು ಒಪ್ಪುತ್ತೇನೆ. ಗಂಡನನ್ನು ಕಳೆದುಕೊಂಡವಳ ಮುಂದೆ ಕೂತು ನಾವೇ ಬಿಕ್ಕಿದರೆ ಅವಳು ತನ್ನ ಮಾತು ಬಿಟ್ಟು ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಆದರೆ ಮನಸ್ಸನ್ನು ಮನೆಯಲ್ಲಿ ಬಿಟ್ಟು ಹೋಗುವುದು ಆಗದ ಕೆಲಸ. ಆಗದ್ದನ್ನು ಆಗುತ್ತದೆಂದು ನಂಬಿಸಿ ಕಳಿಸುವುದರಿಂದ ಅಧ್ಯಯನವೂ ಕೆಡುತ್ತದೆ, ಅದಕ್ಕಾಗಿ ಊರೂರು ತಿರುಗುವವರೂ ಸೊರಗುತ್ತಾರೆ.

ನಾನು ಹೇಳುತ್ತಿರುವುದು ಗುಣಾತ್ಮಕ ಸಂಶೋಧನೆಯ ಬಗ್ಗೆ. ಎಷ್ಟು ಎಕರೆ, ಎಷ್ಟು ಸಾಲ ಎಂದು ಚೌಕದಲ್ಲಿ ಗುರುತು ಹಾಕಿ ಎದ್ದು ಬರುವ ಸಮೀಕ್ಷೆ ಬೇರೆ. ಇಲ್ಲಿ ಒಬ್ಬರ ಎದುರು ಗಂಟೆಗಟ್ಟಲೆ ಕೂತು ಆ ಮನೆಯಲ್ಲಿ ಏನಾಯಿತು, ಹೇಗಾಯಿತು, ಅವರಿಗೆ ಏನನ್ನಿಸಿತು ಎಂಬುದನ್ನು ಅವರ ಮಾತಿನಲ್ಲೇ ಕೇಳಬೇಕು. ಮುಂದಿನ ಪ್ರಶ್ನೆ ಯಾವುದು, ಎಲ್ಲಿ ಸುಮ್ಮನಿರಬೇಕು, ಯಾವ ಮಾತನ್ನು ಹಿಡಿದು ಇನ್ನಷ್ಟು ಕೆದಕಬೇಕು ಎಂಬುದೆಲ್ಲ ಆ ಕ್ಷಣದಲ್ಲಿ ಕೂತವರ ಮೇಲೆ ನಿಂತಿದೆ. ಅವರ ಕರುಣೆ, ಅಸಹ್ಯ, ದಣಿವು, ಭಯ ಎಲ್ಲವೂ ಆ ಪ್ರಶ್ನೆಗಳಲ್ಲಿ ಇಳಿಯುತ್ತದೆ. ವರದಿಯಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಹಾವೇರಿ ಜಿಲ್ಲೆಯ ಒಂದು ಅಧ್ಯಯನದಿಂದ ಹೇಳುತ್ತೇನೆ. ಊರು, ಹೆಸರು ಬರೆಯುವುದಿಲ್ಲ. ಆತ್ಮಹತ್ಯೆ ಮಾಡಿಕೊಂಡ ರೈತರ ಮನೆಯವರನ್ನು ಮಾತಾಡಿಸುವ ಕೆಲಸ ಅದು. ಕೈಯಲ್ಲಿ ಫೈಲು ಹಿಡಿದು ಓಣಿಯಲ್ಲಿ ನಡೆದರೆ ಸಾಕು, ಬಾಗಿಲಲ್ಲೇ ಪ್ರಶ್ನೆ ಬರುತ್ತದೆ: "ಪರಿಹಾರದ ಸಲುವಾಗಿ ಬಂದೀರೇನ್ರೀ ಅಕ್ಕಾರ?" ನಮ್ಮ ರಾಜ್ಯದಲ್ಲಿ 2015ರಿಂದ ಇಂಥ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. ಆದರೆ ಸತ್ತವನು ರೈತನೇ ಹೌದು, ಸತ್ತದ್ದು ಸಾಲದಿಂದಲೇ ಹೌದು ಎಂದು ಉಪವಿಭಾಗಾಧಿಕಾರಿಯ ಸಮಿತಿ ಒಪ್ಪಬೇಕು. ಹಾಗಾಗಿ ಹೆಣ್ಣುಮಗಳು ಒಳಗೆ ಹೋಗಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ತರುತ್ತಾಳೆ. ಪಹಣಿ, ಪೊಲೀಸರು ಕೊಟ್ಟ ಕಾಗದ, ಪೋಸ್ಟ್‌ಮಾರ್ಟಂ ವರದಿಯ ಜೆರಾಕ್ಸು, ಸೊಸೈಟಿಯ ಪಾಸ್‌ಬುಕ್ಕು, ಮಹಿಳಾ ಸಂಘದ ಕಂತಿನ ಪುಸ್ತಕ, ಗಂಡನ ಆಧಾರ್ ಕಾರ್ಡು. ಒಂದೊಂದನ್ನೂ ಚಾಪೆಯ ಮೇಲೆ ಬಿಡಿಸಿಡುತ್ತಾಳೆ. ಮಡಿಕೆಗಳಲ್ಲಿ ಕಾಗದ ಹರಿದಿರುತ್ತದೆ, ಅಷ್ಟು ಸಲ ಬಿಡಿಸಿದ್ದಾಳೆ. "ಇಲ್ರೀ ಅಕ್ಕಾ, ನಾವು ಸರ್ಕಾರದವರಲ್ಲ, ಅಭ್ಯಾಸಕ್ಕ ಬಂದೀವಿ" ಎಂದ ಮೇಲೆ ಅವಳು ಅವನ್ನೆಲ್ಲ ಮತ್ತೆ ಅದೇ ಕ್ರಮದಲ್ಲಿ ಚೀಲಕ್ಕೆ ತುಂಬುತ್ತಾಳೆ. ಆಮೇಲೂ, "ಬಿಸಲಾಗ ಬಂದೀರಿ, ಕುಂದರ್ರಿ, ಚಾ ಇಡ್ತೀನಿ" ಅನ್ನುತ್ತಾಳೆ.

ಈಗ ಒಪ್ಪಿಗೆ ಪತ್ರ ಓದಬೇಕು. ಅದರಲ್ಲೊಂದು ಸಾಲು ಇರಲೇಬೇಕು: ಈ ಅಧ್ಯಯನದಲ್ಲಿ ಭಾಗವಹಿಸುವುದರಿಂದ ನಿಮಗೆ ನೇರ ಲಾಭವಿಲ್ಲ. ಚೀಲದ ಗಂಟು ಇನ್ನೂ ಕೈಯಲ್ಲಿರುವ ಹೆಂಗಸಿನ ಮುಂದೆ ಆ ಸಾಲನ್ನು ಗಟ್ಟಿಯಾಗಿ ಓದುವವರ ಒಳಗೆ ಏನಾಗುತ್ತದೆ ಅನ್ನುವುದನ್ನು ಬಲ್ಲೆ. ನಾಚಿಕೆಯಾಗುತ್ತದೆ. ಆ ನಾಚಿಕೆ ಕೆಲಸ ಮಾಡುವ ರೀತಿ ಒಬ್ಬೊಬ್ಬರಲ್ಲಿ ಒಂದೊಂದು. ಕೆಲವರು ಆ ಸಾಲನ್ನು ಗಡಿಬಿಡಿಯಲ್ಲಿ ಓದಿ ದಾಟಿಸುತ್ತಾರೆ. ಕೆಲವರು "ನೋಡೋಣ, ಮ್ಯಾಲಿನವ್ರಿಗೆ ಹೇಳ್ತೀವಿ" ಎಂದು ತಮ್ಮ ಕೈಲಾಗದ್ದಕ್ಕೆ ಮಾತು ಕೊಡುತ್ತಾರೆ. ಇನ್ನು ಕೆಲವರು ಕೇಳಲೇಬೇಕಾದ ಪ್ರಶ್ನೆಗಳನ್ನು, ಈಕೆಗೆ ಇದೂ ಯಾಕೆ ಎಂದು ಬಿಟ್ಟೇಬಿಡುತ್ತಾರೆ. ಹೀಗೆ ಕೇಳದೆ ಉಳಿದ ಪ್ರಶ್ನೆ ವರದಿಗೆ ಬರುವಾಗ "ಭಾಗಿದಾರರು ಈ ವಿಷಯ ಪ್ರಸ್ತಾಪಿಸಲಿಲ್ಲ" ಎಂದಾಗುತ್ತದೆ.

ಅದೇ ಅಧ್ಯಯನದಲ್ಲಿ ಒಬ್ಬ ಹುಡುಗಿ ಇದ್ದಳು. ಎಂ.ಎ. ಮುಗಿಸಿ ಹೊಸದಾಗಿ ಸೇರಿದವಳು, ಚುರುಕು. ಬೆಳಗ್ಗೆ ವಿಧವೆಯೊಬ್ಬರನ್ನು ಮಾತಾಡಿಸಿದ್ದಳು. ಮಧ್ಯಾಹ್ನ ಅದೇ ಊರಿನ ಗೊಬ್ಬರದ ಅಂಗಡಿಯವರನ್ನು ಮಾತಾಡಿಸಬೇಕಿತ್ತು. ಸತ್ತವನಿಗೆ ಬೀಜ, ಗೊಬ್ಬರ, ಔಷಧ ಉದ್ದರಿ ಕೊಟ್ಟವರು ಅವರೇ. ವಿಧವೆಯ ಜೊತೆಗಿನ ರೆಕಾರ್ಡಿಂಗ್ ಒಂದೂವರೆ ಗಂಟೆ ಇತ್ತು, ಅಂಗಡಿಯವರದು 20 ನಿಮಿಷಕ್ಕೇ ಮುಗಿದಿತ್ತು. ಸಂಜೆ ಕೇಳಿದಾಗ, "ಆ ಮನುಷ್ಯನ ಮುಖ ನೋಡಿದ್ರ ಮೈ ಉರೀತದ ಮೇಡಂ. ಗಲ್ಲಾಪೆಟ್ಟಿಗಿ ಮುಂದ ಕುಂತು ನಾನೇನ್ ಮಾಡ್ಲಿ ಅಂತಾನ" ಎಂದಳು. ಅದನ್ನೇ ಬರೆ ಅಂದೆ. ಅವನೇನು ಹೇಳಿದ ಅನ್ನುವುದು ಟೇಪಿನಲ್ಲಿದೆ, ನಿನಗೆ ಎಲ್ಲಿ ಮೈ ಉರಿಯಿತು, ಆಮೇಲೆ ನೀನು ಏನು ಕೇಳಲಿಲ್ಲ, ಅದಷ್ಟನ್ನು ಬರೆ. ಅವಳು ಬರೆದ ಎರಡು ಪುಟ ನನ್ನ ಮಟ್ಟಿಗೆ ಆ ಅಧ್ಯಯನದ ಅತ್ಯಂತ ಬೆಲೆಯುಳ್ಳ ಟಿಪ್ಪಣಿ. ಬೆಳಗ್ಗೆ ಕೇಳಿದ ಅಳು ಇನ್ನೂ ಕಿವಿಯಲ್ಲಿತ್ತು, ಅಂಗಡಿಯವರು "ನಾನು ಕೊಡದಿದ್ರ ಆಂವ ಬಿತ್ತಿಗಿ ಮಾಡ್ತಿದ್ನೇನ್ರಿ?" ಅಂದದ್ದೇ ತಡ ತಾನು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿದೆ, ಅಲ್ಲಿಂದಾಚೆ ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆಗಳನ್ನೇ ಕೇಳಿದೆ ಎಂದು ಅದರಲ್ಲಿ ತಾನೇ ಗುರುತಿಸಿದ್ದಳು.

ಮಾರನೆಯ ವಾರ ಅವಳೇ ಹೋದಳು. ಈ ಸಲ ಅಂಗಡಿಯವರು ಉದ್ದರಿ ಪುಸ್ತಕ ತೆರೆದರು. ಅವರಿಗೆ ಮಾಲು ಬರುವುದು ರಾಣೆಬೆನ್ನೂರಿನ ಸಗಟು ವ್ಯಾಪಾರಿಯಿಂದ, ಅದೂ ಉದ್ದರಿ. ಹಂಗಾಮು ಮುಗಿಯುವುದರೊಳಗೆ ಬಾಕಿ ತುಂಬದಿದ್ದರೆ ಮುಂದಿನ ಹಂಗಾಮಿಗೆ ಮಾಲಿಲ್ಲ. ಅದಕ್ಕಾಗಿ ಅವರು ರೈತನಿಗೆ ಹಾಕುವ ಕರಾರೆಂದರೆ ಗೋವಿನಜೋಳ ತನ್ನ ಸಂಬಂಧಿಯ ಅಡತಿ ಅಂಗಡಿಗೇ ಬರಬೇಕು, ದರ ಅವರು ಹೇಳಿದ್ದು. ಹೀಗೆ ಬಡ್ಡಿ ಎಂಬ ಹೆಸರಿಲ್ಲದೆಯೇ ಬಡ್ಡಿ ಎಲ್ಲಿ ಕೂತಿದೆ ಎಂಬುದು ನಮಗೆ ತಿಳಿದದ್ದು ಆ ಎರಡನೆಯ ಮಾತುಕತೆಯಲ್ಲಿ. ಕೊನೆಗೆ ಅವರು, "ಮಣ್ಣಿಗೆ ಹೋಗಿದ್ದೆ ನಾನು. ಮಂದಿ ನನ್ನ ಮಾರಿ ನೋಡೂದು ಕಂಡು ಹೊಳ್ಳಿ ಬಂದೆ" ಅಂದರಂತೆ. ಹುಡುಗಿಗೆ ಅವರ ಮೇಲಿನ ಸಿಟ್ಟು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಸಿಟ್ಟು ಎಲ್ಲಿದೆ ಎಂದು ಗೊತ್ತಿದ್ದುದರಿಂದ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಲು ಅವಳಿಗೆ ಸಾಧ್ಯವಾಯಿತು.

ಇದು ಸಣ್ಣ ಸಂಗತಿ ಅಲ್ಲವೇ ಅಲ್ಲ. ರೈತರ ಆತ್ಮಹತ್ಯೆ ಸಾಲದಿಂದಲೋ, ಕುಡಿತದಿಂದಲೋ, ಮನೆ ಜಗಳದಿಂದಲೋ ಎಂಬ ವಾದ ನಮ್ಮ ರಾಜ್ಯದಲ್ಲಿ 2002ರಲ್ಲಿ ಜಿ.ಕೆ. ವೀರೇಶ್ ಸಮಿತಿ ವರದಿ ಕೊಟ್ಟ ಕಾಲದಿಂದ ನಡೆದಿದೆ. ಎ.ಆರ್. ವಸವಿಯವರಂಥ ಸಮಾಜಶಾಸ್ತ್ರಜ್ಞರು ಈ ಸಾವುಗಳನ್ನು ಒಬ್ಬೊಬ್ಬನ ಮನೋದೌರ್ಬಲ್ಯವಾಗಿ ನೋಡದೆ ಇಡೀ ಕೃಷಿ ಬದುಕಿನ ಬಿಕ್ಕಟ್ಟಾಗಿ ನೋಡಬೇಕೆಂದು ವಾದಿಸಿದ್ದಾರೆ. ಈ ದೊಡ್ಡ ವಾದಗಳೆಲ್ಲ ಕೊನೆಗೆ ಆತುಕೊಂಡಿರುವುದು ಯಾವುದೋ ಪಡಸಾಲೆಯಲ್ಲಿ ಯಾರೋ ಕೂತು ಬರೆದುಕೊಂಡ ಟಿಪ್ಪಣಿಗೆ. ಸತ್ತವನ ತಾಯಿ ಬರೆದುಕೊಳ್ಳುವವಳ ಅಜ್ಜಿಯಂತೆ ಕಂಡರೆ ಕುಡಿತದ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಬರೆದುಕೊಳ್ಳುವವನ ತಂದೆಯೇ ಕುಡಿದು ಮನೆ ಹಾಳುಮಾಡಿದವನಾಗಿದ್ದರೆ ಅದೊಂದೇ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಂದರೆ ಇಷ್ಟಪಡುವುದರಲ್ಲೂ ದ್ವೇಷದಷ್ಟೇ ಅಪಾಯವಿದೆ, ಅದು ಒಳ್ಳೆಯ ಗುಣದಂತೆ ಕಾಣುವುದರಿಂದ ಇನ್ನೂ ಹೆಚ್ಚು.

ವಿದ್ವತ್ ಲೋಕಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಪಡುವಣ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆಯೇ ಬದುಕಿ, ಕ್ಷೇತ್ರಕಾರ್ಯ ಎಂದರೆ ಹೀಗಿರಬೇಕು ಎಂದು ಜಗತ್ತಿಗೆ ತೋರಿಸಿದ ಬ್ರೊನಿಸ್ಲಾವ್ ಮಲಿನೋವ್ಸ್ಕಿ 1942ರಲ್ಲಿ ತೀರಿಕೊಂಡರು. ಅವರು ಪೋಲಿಷ್ ಭಾಷೆಯಲ್ಲಿ ತಮಗಾಗಿ ಬರೆದಿಟ್ಟುಕೊಂಡ ದಿನಚರಿ 1967ರಲ್ಲಿ ಅಚ್ಚಾಯಿತು. ಅದರಲ್ಲಿ ದ್ವೀಪದ ಜನರ ಮೇಲೆ ಕಿರಿಕಿರಿ, ತಿರಸ್ಕಾರ, ಬೇಸರ, ಮನೆಯ ಹಂಬಲ ತುಂಬಿತ್ತು. ಓದಿದವರಿಗೆ ಆಘಾತವಾಯಿತು. ಖಾಸಗಿ ದಿನಚರಿಯನ್ನು ಪ್ರಕಟಿಸಿದ್ದು ಸರಿಯೇ ಎಂಬ ಜಗಳವೂ ಆಯಿತು. ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನನ್ನನ್ನು ಕಾಡುವ ಸಂಗತಿ ಬೇರೆ. ಆ ದಿನಚರಿ ಮತ್ತು ಆ ದ್ವೀಪಗಳ ಬಗ್ಗೆ ಅವರು ಬರೆದ ಪುಸ್ತಕಗಳು ಒಂದೇ ಕೈಯಿಂದ, ಒಂದೇ ಡೇರೆಯಲ್ಲಿ ಹುಟ್ಟಿದವು. ಎರಡರ ನಡುವೆ ಒಂದು ಕಿಟಕಿಯಾದರೂ ಇದ್ದಿದ್ದರೆ ಓದುವವರು ಇನ್ನೆಷ್ಟು ತಿಳಿಯುತ್ತಿದ್ದರು! ಅದೇ 1967ರಲ್ಲಿ ಜಾರ್ಜ್ ಡೆವರೂ ಎಂಬ ವಿದ್ವಾಂಸರು ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ಮನುಷ್ಯರನ್ನು ಅಭ್ಯಾಸ ಮಾಡುವವನಿಗೆ ಒಳಗೆ ಹುಟ್ಟುವ ಕಳವಳವನ್ನು ಅಡ್ಡಿಯೆಂದು ತಳ್ಳಬಾರದು, ಅದೇ ಮುಖ್ಯ ಮಾಹಿತಿ ಎಂಬುದು ಅವರ ವಾದ. ಅರ್ಧ ಶತಮಾನ ದಾಟಿದೆ, ನಮ್ಮ ತರಬೇತಿ ಕೋಣೆಗಳಿಗೆ ಆ ಮಾತು ಇನ್ನೂ ಬಂದಿಲ್ಲ.

ಆ ವರ್ಷವೇ ಬಂದ ಇನ್ನೊಂದು ಪುಸ್ತಕದಿಂದ ನಾವು ಇನ್ನೇನನ್ನೋ ಸರಾಗವಾಗಿ ತೆಗೆದುಕೊಂಡಿದ್ದೇವೆ. ಬಾರ್ನಿ ಗ್ಲೇಸರ್, ಆನ್ಸೆಲ್ಮ್ ಸ್ಟ್ರಾಸ್ ಬರೆದ ಆ ಪುಸ್ತಕದಿಂದ ಬಳಕೆಗೆ ಬಂದದ್ದು 'ಸ್ಯಾಚುರೇಶನ್' ಎಂಬ ಕಲ್ಪನೆ. ಇನ್ನು ಹೊಸದೇನೂ ಸಿಗುತ್ತಿಲ್ಲ ಎಂದು ಗೊತ್ತಾದಾಗ ಸಂದರ್ಶನ ನಿಲ್ಲಿಸಬಹುದು. ಫೀಲ್ಡಿನಿಂದ ಫೋನು ಬರುತ್ತದೆ: "ಮೇಡಂ, ಸ್ಯಾಚುರೇಶನ್ ಬಂತು. ಎಲ್ರೂ ಅದನ್ನೇ ಹೇಳ್ತಿದಾರೆ." ಬೋರು ಫೇಲಾಯಿತು, ಸಾಲ ಬೆಳೆಯಿತು, ಮಗಳ ಮದುವೆ ಬಂತು, ಹತ್ತಿಗೆ ಹುಳ ಬಿತ್ತು. ನಿಜಕ್ಕೂ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆಯೇ, ಅಥವಾ ಸಾವಿನ ಮನೆಗಳಲ್ಲಿ ಕೂತು ಕೂತು ಕೇಳುವವಳ ಎದೆ ತುಂಬಿ ಇನ್ನು ಹಿಡಿಸಲಾರದು ಎನ್ನುತ್ತಿದೆಯೇ? ಈ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಇಂಥ ಫೋನು ಬಂದಾಗ ನಾನು ಕೊನೆಯ ಎರಡು ರೆಕಾರ್ಡಿಂಗ್ ತರಿಸಿ ಕೇಳುತ್ತೇನೆ. ಉತ್ತರಗಳನ್ನು ಕೇಳುವುದಕ್ಕಿಂತ ಪ್ರಶ್ನೆಗಳನ್ನು ಕೇಳುತ್ತೇನೆ. "ಆಮೇಲೆ?" ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ನೋಡುತ್ತೇನೆ. ದಣಿದವರ ಬಾಯಲ್ಲಿ ಮೊದಲು ಸಾಯುವ ಮಾತು ಅದು. "ಆಮೇಲೆ?" ಇಲ್ಲದ ಕಡೆ ಎಲ್ಲರ ಕತೆಯೂ ಒಂದೇ ಆಗುತ್ತದೆ.

ತಮ್ಮೊಳಗಿನ ಸಿಟ್ಟು-ಸಂಕಟವನ್ನೇ ಬರೆದಿಟ್ಟ ಸಂಶೋಧಕರೂ ಇದ್ದಾರೆ. ಜೀನ್ ಬ್ರಿಗ್ಸ್ 1963ರಲ್ಲಿ ಕೆನಡಾದ ಉತ್ತರ ತುದಿಯ ಹಿಮಪ್ರದೇಶಕ್ಕೆ ಹೋಗಿ ಒಂದು ಇನುಯಿಟ್ ಕುಟುಂಬದ ಸಾಕುಮಗಳಾಗಿ ಬದುಕಿದವರು. ಆ ಜನರಲ್ಲಿ ದೊಡ್ಡವರು ಸಿಟ್ಟು ತೋರಿಸುವುದಿಲ್ಲ, ತೋರಿಸಿದರೆ ಮಗುವಿನ ಬುದ್ಧಿ ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಹೊರಗಿನಿಂದ ಮೀನು ಹಿಡಿಯಲು ಬಂದ ಬಿಳಿಯರು ಊರಿನ ದೋಣಿ ಎರವಲು ಪಡೆದು ಒಂದನ್ನು ಮುರಿದರು, ಉಳಿದದ್ದನ್ನೂ ಕೇಳಿದರು. ಬ್ರಿಗ್ಸ್ ಊರಿನವರ ಪರವಾಗಿ ಆ ಬಿಳಿಯರ ಮೇಲೆ ಸಿಟ್ಟಿನಿಂದ ಮಾತಾಡಿದರು. ಅಂದಿನಿಂದ ಊರೇ ಅವರನ್ನು ದೂರವಿಟ್ಟಿತು. ಜಗಳವಿಲ್ಲ, ಬೈಗುಳವಿಲ್ಲ, ಡೇರೆಗೆ ಯಾರೂ ಬರುವುದಿಲ್ಲ, ಅಷ್ಟೆ. ಬ್ರಿಗ್ಸ್ ಅದನ್ನು ಮುಚ್ಚಿಡಬಹುದಿತ್ತು. ಬದಲಿಗೆ 1970ರಲ್ಲಿ ಪ್ರಕಟವಾದ ತಮ್ಮ ಪುಸ್ತಕದ ನಡುವಿನಲ್ಲೇ ಅದನ್ನಿಟ್ಟರು. ಆ ಜನರಲ್ಲಿ ಸಿಟ್ಟಿಗೆ ಎಂಥ ಬೆಲೆ ತೆರಬೇಕು ಎಂಬುದು ಹತ್ತು ಜನರನ್ನು ಕೇಳಿದ್ದರೂ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಇನ್ನೊಂದು ಇದಕ್ಕಿಂತ ಕಠಿಣವಾದದ್ದು. ರೆನಾಟೊ ರೊಸಾಲ್ಡೊ, ಅವರ ಹೆಂಡತಿ ಮಿಷೆಲ್ ರೊಸಾಲ್ಡೊ ಇಬ್ಬರೂ ಮಾನವಶಾಸ್ತ್ರಜ್ಞರು. ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪದ ಗುಡ್ಡಗಾಡಿನಲ್ಲಿ ಇಲೊಂಗೊಟ್ ಎಂಬ ಜನರ ನಡುವೆ 1960ರ ದಶಕದ ಕೊನೆಯಲ್ಲೂ, ಮತ್ತೆ 1974ರಲ್ಲೂ ಇದ್ದರು. ಇಲೊಂಗೊಟ್ ಗಂಡಸರು ಹಿಂದೆ ತಲೆ ಕಡಿಯುತ್ತಿದ್ದರು. ಯಾಕೆ ಎಂದು ಕೇಳಿದರೆ ಹಿರಿಯರು ಹೇಳುತ್ತಿದ್ದುದು ಒಂದೇ ಉತ್ತರ: ನಮ್ಮವರು ಸತ್ತಾಗ ದುಃಖದ ಜೊತೆ ಹುಟ್ಟುವ ರೋಷವನ್ನು ಎಲ್ಲಾದರೂ ಎಸೆಯಬೇಕಲ್ಲ. ರೊಸಾಲ್ಡೊಗೆ ಆ ಉತ್ತರ ತೀರಾ ಸರಳವಾಗಿ ಕಂಡಿತು. ವಿನಿಮಯದ ಸಿದ್ಧಾಂತ ಹಚ್ಚಿ ನೋಡಿದರು, ಹೊಂದಲಿಲ್ಲ. 1981ರ ಅಕ್ಟೋಬರ್ 11ರಂದು ಲುಝಾನ್‌ನಲ್ಲೇ ಹೊಸ ಕ್ಷೇತ್ರಕಾರ್ಯ ಶುರುಮಾಡುತ್ತಿದ್ದ ಹೊತ್ತಿನಲ್ಲಿ ಮಿಷೆಲ್ ಗುಡ್ಡದ ಕಾಲುದಾರಿಯಲ್ಲಿ ಜಾರಿ ಕೆಳಗೆ ಉಕ್ಕಿ ಹರಿಯುತ್ತಿದ್ದ ಹೊಳೆಗೆ ಬಿದ್ದು ತೀರಿಕೊಂಡರು. ಹೆಣ ಕಂಡಾಗ ತನ್ನಲ್ಲಿ ಎದ್ದದ್ದು ಅಳುವಿಗಿಂತ ಮೊದಲು ಸಿಟ್ಟು ಎಂದು ರೊಸಾಲ್ಡೊ ಬರೆದಿದ್ದಾರೆ. ಇಲೊಂಗೊಟ್ ಹಿರಿಯರು ಹೇಳಿದ್ದು ಅಕ್ಷರಶಃ ನಿಜವೆಂದು, ಅದನ್ನು ಮೊದಲು ಕೇಳಿದ ಹದಿನಾಲ್ಕು ವರ್ಷಗಳ ನಂತರ ಅವರಿಗೆ ಹೊಳೆಯಿತು. 1989ರ ಅವರ ಪುಸ್ತಕದ ಮೊದಲ ಭಾಗ ಇದೇ.

ಇದನ್ನು ನಾನು ತರಬೇತಿಯಲ್ಲಿ ಹೇಳಿದಾಗ ಯಾರಾದರೂ ಕೇಳುತ್ತಾರೆ: ಹಾಗಾದರೆ ವಿಧವೆಯ ನೋವು ತಿಳಿಯಲು ವಿಧವೆಯೇ ಆಗಬೇಕೇ? ಖಂಡಿತ ಬೇಡ. ರೊಸಾಲ್ಡೊ ಹೇಳುವುದೂ ಅದನ್ನಲ್ಲ. ಎದುರಿಗಿನವರು ಸರಳವಾಗಿ, ನೇರವಾಗಿ ಒಂದು ಮಾತು ಹೇಳಿದಾಗ ಅದು ನಮಗೆ ಸಾಲದೆನ್ನಿಸಿದರೆ, ಕೊರತೆ ಅವರ ಮಾತಿನಲ್ಲಿದೆಯೋ ನಮ್ಮ ಅನುಭವದಲ್ಲಿದೆಯೋ ಎಂದು ನಿಂತು ನೋಡಬೇಕು. ಹಾಗೆ ನಿಂತು ನೋಡಬೇಕಾದರೆ ನಮಗೆ ಏನನ್ನಿಸಿತು ಎಂಬುದು ಮೊದಲು ಕಾಗದದ ಮೇಲೆ ಇರಬೇಕು.

ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರನ್ನು ನೆನೆಯದೆ ಈ ಮಾತು ಮುಂದುವರಿಯದು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿ, ಅದಕ್ಕೆ ರಾಂಪುರ ಎಂಬ ಹೆಸರು ಕೊಟ್ಟು, ಅದರ ಟಿಪ್ಪಣಿಗಳನ್ನು ವರ್ಷಾನುಗಟ್ಟಲೆ ಹದಗೊಳಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಚ್ಚಿಟ್ಟವರ ಕೃತ್ಯದಿಂದ ಆ ಟಿಪ್ಪಣಿಗಳು ಸುಟ್ಟುಹೋದವು. ನೆನಪನ್ನೇ ನಂಬಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅದರಲ್ಲಿ ಅಂಕಿಅಂಶ ಕಡಿಮೆ, ಮನುಷ್ಯರು ಹೆಚ್ಚು. ಒಂದು ಗಳಿಗೆಯೂ ಒಬ್ಬಂಟಿಯಾಗಿರಲು ಬಿಡದ ಊರಿನ ಬಗ್ಗೆ ಕಿರಿಕಿರಿ ಇದೆ, ಊರಿನ ಯಜಮಾನರ ಬಗ್ಗೆ ಗೌರವವೂ ಅಳುಕೂ ಇದೆ, ಸಹಾಯಕ್ಕಿದ್ದ ಕುಳ್ಳೇಗೌಡರ ಬಗ್ಗೆ ಪ್ರೀತಿ ಮತ್ತು ಬೇಸರ ಬೆರೆತಿದೆ. ಬೆಂಕಿ ಕಾಗದವನ್ನು ಒಯ್ದ ಮೇಲೂ ಉಳಿದದ್ದು ಭಾವ ಅಂಟಿಕೊಂಡಿದ್ದ ಸಂಗತಿಗಳೇ ಎಂದು ನನಗೆ ಆ ಪುಸ್ತಕ ಓದುವಾಗಲೆಲ್ಲ ಅನ್ನಿಸಿದೆ. ಬ್ರಾಹ್ಮಣನಾಗಿ, ಭೂಮಾಲೀಕರ ಆಶ್ರಯದಲ್ಲಿದ್ದುದರಿಂದ ಹೊಲೆಯರ ಕೇರಿಗೆ ಸಲೀಸಾಗಿ ಹೋಗಿಬರಲು ಆಗಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಆ ಕೇರಿಯ ಮಕ್ಕಳೇ ಈಗ ಸಂದರ್ಶಕರಾಗಿ ಊರೂರು ತಿರುಗುತ್ತಿದ್ದಾರೆ. ಭಾವನೆಯ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಸಂಶೋಧಕ ಮೇಲಿನವನು, ಎದುರಿಗಿರುವವರು ಕೆಳಗಿನವರು ಎಂದು ಊಹಿಸಿಕೊಂಡೇ ಮಾತಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅದು ತಲೆಕೆಳಗಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಕುಡಿಯುವ ನೀರಿನ ಅಧ್ಯಯನಕ್ಕೆ ಇಬ್ಬರು ಹುಡುಗರು ಒಂದು ದೊಡ್ಡ ಮನೆಗೆ ಹೋಗಿದ್ದರು. ಒಬ್ಬ ದಲಿತ. ಕಟ್ಟೆಯ ಮೇಲೆ ಕೂರಿಸಿ ಮನೆಯ ಹಿರಿಯರು ಮೊದಲು ಕೇಳಿದ್ದು, "ಅಡ್ಡಹೆಸರೇನ್ರೀ ನಿಮ್ಮದು?" ಎಂದು. ಜಾತಿ ಕೇಳುವ ಸಭ್ಯ ದಾರಿ ಅದು. ಹೇಳಿದರು. ಚಹಾ ಬಂತು. ಒಬ್ಬನಿಗೆ ಸ್ಟೀಲಿನ ಲೋಟ, ಇನ್ನೊಬ್ಬನಿಗೆ ಕಾಗದದ ಕಪ್ಪು. ಆಮೇಲೆ ರೆಕಾರ್ಡರ್ ಶುರುವಾಯಿತು. ನೀರು ಹಿಡಿಯುವಲ್ಲಿ ಭೇದಭಾವ ಇದೆಯೇ ಎಂಬ ಪ್ರಶ್ನೆಗೆ ಹಿರಿಯರ ಉತ್ತರ ಸ್ಪಷ್ಟವಾಗಿ ದಾಖಲಾಗಿದೆ: "ನಮ್ಮೂರಾಗ ಅಂಥಾದ್ದೇನೂ ಇಲ್ರೀ, ಎಲ್ಲಾರೂ ಅಣ್ಣತಮ್ಮರಂಗ ಅದೀವಿ."

ಟ್ರಾನ್ಸ್‌ಕ್ರಿಪ್ಟ್ ಓದುವವರಿಗೆ ಸಿಗುವುದು ಈ ವಾಕ್ಯ. ಕಾಗದದ ಕಪ್ಪು ಅದರಲ್ಲಿಲ್ಲ. ಆ ಹುಡುಗನ ಗಂಟಲಲ್ಲಿ ಚಹಾ ಇಳಿಯದೆ ನಿಂತದ್ದು, ಅವಮಾನ ನುಂಗಿಕೊಂಡು ಮುಂದಿನ ಪ್ರಶ್ನೆಗೆ ಹೋದದ್ದು ಅದರಲ್ಲಿಲ್ಲ. ಅವನು ಅದನ್ನು ತನ್ನ ಡೈರಿಯಲ್ಲಿ ಬರೆದಿದ್ದ, ಅವನ ಜೊತೆಗಾರ ಬರೆದಿರಲಿಲ್ಲ, ಗಮನಿಸಿಯೂ ಇರಲಿಲ್ಲ. ಆ ಊರಿನ ನೀರಿನ ಬಗ್ಗೆ ನಮ್ಮ ಬಳಿ ಇದ್ದ ಅತ್ಯಂತ ಗಟ್ಟಿ ಸಾಕ್ಷ್ಯ ಒಬ್ಬ ಸಂದರ್ಶಕನ ಮನಸ್ಸಿಗಾದ ಗಾಯ. ಅದನ್ನು "ವೈಯಕ್ತಿಕ" ಎಂದು ಪಕ್ಕಕ್ಕೆ ಸರಿಸಿದ್ದರೆ, ಆ ಊರಲ್ಲಿ ತಾರತಮ್ಯ ಕಂಡುಬಂದಿಲ್ಲ ಎಂದು ಬರೆಯಬೇಕಾಗಿತ್ತು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ, ಅದನ್ನು ಗೌರವಿಸುತ್ತೇನೆ ಕೂಡ. ನೋವುಂಡವರ ಕತೆ ಹೇಳಬೇಕಾದ ಜಾಗದಲ್ಲಿ ಕೇಳಿಬಂದವರು ತಮ್ಮ ಕಣ್ಣೀರಿನ ಕತೆ ಹೇಳತೊಡಗಿದರೆ ಅದು ಎರಡನೆಯ ಸಲದ ಅನ್ಯಾಯ ಎನ್ನುತ್ತಾರೆ. ಅಂಥ ಬರಹಗಳೂ ಬಂದಿವೆ. ಪುಟಗಟ್ಟಲೆ ಓದಿದರೂ ಲೇಖಕರ ಮನಸ್ಸು ಎಷ್ಟು ಮೃದು ಎಂಬುದಷ್ಟೇ ತಿಳಿಯುತ್ತದೆ, ಆ ಊರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ಬರೆದಿಡುವುದು ಬೇರೆ, ಅಚ್ಚು ಹಾಕುವುದು ಬೇರೆ. ಊರ್ವಶಿ ಬುಟಾಲಿಯಾ 1998ರಲ್ಲಿ ಹೊರತಂದ ದೇಶವಿಭಜನೆಯ ಪುಸ್ತಕದಲ್ಲಿ ಲಾಹೋರಿನಲ್ಲೇ ಉಳಿದುಹೋದ ತಮ್ಮ ಸ್ವಂತ ಸೋದರಮಾವನನ್ನು ಹುಡುಕಿಕೊಂಡು ಹೋದದ್ದನ್ನು ಬರೆದಿದ್ದಾರೆ. ಅಲ್ಲಿ ಅವರ ಭಾವನೆ ಇದೆ, ಆದರೆ ಅದು ದೀಪ ಹಿಡಿದಿರುವುದು ಮಾವನ ಮುಖಕ್ಕೆ. ಅಳತೆ ಅಷ್ಟೇ: ನಮ್ಮ ಭಾವನೆಯಿಂದ ಎದುರಿನವರ ಬದುಕು ಹೆಚ್ಚು ಕಾಣುತ್ತದೆಯೆಂದರೆ ವರದಿಗೆ ಬರಲಿ, ಇಲ್ಲದಿದ್ದರೆ ಡೈರಿಯಲ್ಲಿ ಇರಲಿ. ಡೈರಿಯಲ್ಲೂ ಇಲ್ಲದಿದ್ದರೆ ಅದನ್ನು ತೂಗಿ ನೋಡುವವರು ಯಾರು?

ಇನ್ನು ಯಾರ ಲೆಕ್ಕಕ್ಕೂ ಬಾರದವರೊಬ್ಬರಿದ್ದಾರೆ, ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸುವವರು. ಒಂದು ಗಂಟೆಯ ಮಾತು ಬರೆಯಲು ಐದಾರು ಗಂಟೆ ಬೇಕು. ಅರ್ಥವಾಗದ ಕಡೆ ಹಿಂದಕ್ಕೆ ಒತ್ತಿ ಅದೇ ಅಳುವನ್ನು ಮತ್ತೆ ಮತ್ತೆ ಕೇಳಬೇಕು, ಕೇಳಿ ಆವರಣದಲ್ಲಿ 'ಅಳು' ಎಂದೋ, 'ಮೌನ, 40 ಸೆಕೆಂಡ್' ಎಂದೋ ಟೈಪು ಮಾಡಬೇಕು. ಸಂದರ್ಶನ ಮಾಡಿದವಳಿಗೆ ಆ ಹೆಂಗಸಿನ ಕೈ ಹಿಡಿಯಲಾದರೂ ಅವಕಾಶವಿತ್ತು. ಮನೆಯಲ್ಲಿ ಮಗು ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುವ ಈಕೆಗೆ ಅದೂ ಇಲ್ಲ. ನಿಮಿಷದ ಲೆಕ್ಕದಲ್ಲಿ ದುಡ್ಡು. ಅವಳಿಗೆ ಏನನ್ನಿಸಿತೆಂದು ಕೇಳಿದ ಅಧ್ಯಯನವನ್ನು ನಾನು ಕಂಡಿಲ್ಲ.

ಆಗಬೇಕಾದ್ದು ದೊಡ್ಡದೇನೂ ಅಲ್ಲ. ಹೆಂಗಸರ ಮೇಲಿನ ಮನೆಯೊಳಗಿನ ಹಿಂಸೆಯ ಅಧ್ಯಯನಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೇಳುವ ತಂಡಕ್ಕೆ ವಿಶೇಷ ತರಬೇತಿ ಮತ್ತು ಕೆಲಸದುದ್ದಕ್ಕೂ ಬೆಂಬಲ ಇರಬೇಕೆಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ ಸಾಮಾಜಿಕ ಅಧ್ಯಯನಗಳಿಗೆ ಪ್ರತ್ಯೇಕ ಭಾಗವೇ ಇದೆ. ನೈತಿಕ ಸಮಿತಿಗೆ ನಾನು ತುಂಬಿಕೊಟ್ಟ ಅರ್ಜಿಗಳಲ್ಲೆಲ್ಲ, ಭಾಗಿದಾರರು ಸಂಕಟಪಟ್ಟರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಇತ್ತು, ಇರಲೇಬೇಕು. ಅದರ ಕೆಳಗೆ ಇನ್ನೊಂದು ಬರಲಿ: ಕೇಳುವವರು, ಬರೆದಿಳಿಸುವವರು ಸಂಕಟಪಟ್ಟರೆ ಏನು ಮಾಡುತ್ತೀರಿ, ಅದಕ್ಕೆ ಬಜೆಟ್ಟಿನಲ್ಲಿ ಎಷ್ಟಿಟ್ಟಿದ್ದೀರಿ?

ನಮ್ಮ ತಂಡದಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಸಂದರ್ಶನ ಮುಗಿದ ಮೇಲೆ ಮುಂದಿನ ಮನೆಗೆ ಹೋಗುವ ಮುಂಚೆ ಅರ್ಧ ಗಂಟೆ ಕೂತು ಬರೆಯಬೇಕು: ಎಲ್ಲಿ ಸಿಟ್ಟು ಬಂತು, ಯಾವ ಪ್ರಶ್ನೆ ನುಂಗಿಕೊಂಡೆ, ಯಾರ ನೆನಪಾಯಿತು, ಎಲ್ಲಿ ಕೂರಿಸಿದರು, ಏನು ಕೊಟ್ಟರು. ಆ ಪುಸ್ತಕ ಹಣ ಕೊಟ್ಟವರಿಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ಅದನ್ನಿಟ್ಟುಕೊಂಡು ಮಾತಾಡಲು ಕೂರುವವರು, ಅವರ ಸಂಬಳ ನಿರ್ಧರಿಸುವವರಾಗಿರಬಾರದು. ಸಾವು, ಹಿಂಸೆಯ ಅಧ್ಯಯನವಾದರೆ ಆಪ್ತ ಸಮಾಲೋಚಕರೊಬ್ಬರ ಫೋನ್ ನಂಬರು ಎಲ್ಲರ ಬಳಿ ಇರಬೇಕು, ಅವರ ಫೀಸು ಯೋಜನೆಯದು.

ಎಲ್ಲಕ್ಕಿಂತ ಕಷ್ಟ ಕೂಲಿಯದು. ಬಹಳ ಕಡೆ ಇನ್ನೂ ಸಂದರ್ಶನಕ್ಕೆ ಇಷ್ಟು ಎಂದು ಲೆಕ್ಕ. ದಿನಕ್ಕೆ ನಾಲ್ಕು ಮನೆ ಮಾಡಿದರೆ ಬಸ್ ಚಾರ್ಜು, ಊಟ ಕಳೆದು ನಾಲ್ಕು ಕಾಸು ಉಳಿಯುತ್ತದೆ. ಅರ್ಧ ಗಂಟೆ ಕೂತು ಬರೆ ಎಂದರೆ ಒಂದು ಮನೆಯ ದುಡ್ಡು ಹೋಯಿತೆಂದೇ ಅರ್ಥ. ಆದ್ದರಿಂದ ಈ ಸಲ ಹೊಸ ಅಧ್ಯಯನದ ಅರ್ಜಿಯಲ್ಲಿ ದಿನಕ್ಕೆ ಎರಡೇ ಮನೆ, ಪೂರ್ತಿ ದಿನದ ಕೂಲಿ ಎಂದು ಹಾಕಿದ್ದೇವೆ. ಹಣ ಕೊಡುವವರು ಸಂಖ್ಯೆ ಯಾಕೆ ಅರ್ಧಕ್ಕೆ ಇಳಿಯಿತೆಂದು ಕೇಳಿ ಪತ್ರ ಬರೆದಿದ್ದಾರೆ. ಉತ್ತರದ ಜೊತೆ ಗೊಬ್ಬರದ ಅಂಗಡಿಯ ಎರಡೂ ಸಂದರ್ಶನಗಳನ್ನು, ಹೆಸರು ತೆಗೆದು, ಕಳಿಸಿಕೊಟ್ಟಿದ್ದೇವೆ. ಇನ್ನೂ ಮರುಪತ್ರ ಬಂದಿಲ್ಲ. ಒಪ್ಪದಿದ್ದರೆ ಅಧ್ಯಯನದ ಒಟ್ಟು ಮನೆಗಳ ಸಂಖ್ಯೆಯನ್ನೇ ಕಡಿಮೆ ಮಾಡುತ್ತೇವೆ, ದಿನಕ್ಕೆ ಎರಡು ಎಂಬುದನ್ನು ಬಿಡುವುದಿಲ್ಲ.